ಚಾರ್ಲಿ ಬೇಕು ಅಂತೀರಲ್ಲ... ಸಾಕೋಕೆ ಬರುತ್ತಾ?

2022ರ ಜೂನ್ 10. ‘777 ಚಾರ್ಲಿ’ ತೆರೆಕಂಡ ದಿನ. ಫೈಟು ಬಂದರೆ ಶಿಳ್ಳೆ, ಹಾಡು ಬಂದರೆ ಚಿಲ್ಲರೆ ತೂರುವ ನಮ್ಮ ಹುಡುಗರು ಆ ಚಿತ್ರ ನೋಡಿ ಹೊರಗೆ ಬಂದದ್ದು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು! ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರೂ ಕ್ಯಾಮೆರಾಗಳ ಮುಂದೆಯೇ ಕಣ್ಣೀರು ಹಾಕಿದರು. ತೀರಿಕೊಂಡ ತಮ್ಮ ಮನೆಯ ನಾಯಿ ಅವರಿಗೆ ನೆನಪಾಗಿತ್ತು.

ಅತ್ತಿದ್ದು ಸರಿ ಸ್ವಾಮಿ, ಆಮೇಲೆ?

ಆಮೇಲೆ ಲ್ಯಾಬ್ರಡಾರ್ ಹುಚ್ಚು! ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ ನಿಂತರೆ ‘ಹಾಸನದಲ್ಲಿ ಮರಿ ಸಿಕ್ತದಂತೆ, ಬಾರ್ಲಾ ಹೋಗವ’ ಅನ್ನೋ ಮಾತು. ಹಳೇಕೋಟೆ ಕಡೆಯ ನನ್ನ ಪರಿಚಯದ ಹುಡುಗನೊಬ್ಬ ತಂದೇಬಿಟ್ಟ. ಹೆಸರು? ಕೇಳಬೇಕೇ, ಚಾರ್ಲಿ! ಮೊದಲ ಮೂರು ತಿಂಗಳು ಮುದ್ದೋ ಮುದ್ದು. ಎಂಟನೇ ತಿಂಗಳಿಗೆ ಅಪ್ಪನ ಚಪ್ಪಲಿ ಹೋಯಿತು, ಪಂಪ್‌ಸೆಟ್ಟಿನ ವೈರು ಹೋಯಿತು, ಕೋಳಿ ಎರಡು ಹೋದವು. ತೆಂಗಿನಮರಕ್ಕೆ ಸರಪಳಿ ಬಿತ್ತು. ಹಗಲೂ ರಾತ್ರಿ ಅಲ್ಲೇ. ಒಂದು ದಿನ ಅನ್ನ ಹಾಕಲು ಹೋದ ಅಜ್ಜಿಗೇ ಗುರ್ ಅಂತು! ಅಪ್ಪ ತೀರ್ಪು ಕೊಟ್ಟುಬಿಟ್ಟರು: ‘ಭಾನುವಾರದೊಳಗೆ ಕೆರೆ ಏರಿ ಮೇಲೆ ಬಿಟ್ಟು ಬಾರ್ಲಾ ಅದ್ನ. ಇಲ್ಲಾಂದ್ರೆ ನಾನೇ ಒಂದು ಗತಿ ಕಾಣಿಸ್ತೀನಿ.’

ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ‘ಅಣ್ಣಾ, ಸಿನಿಮಾದ ಸುದ್ದಿಯೆಲ್ಲ ಬರೀತೀಯ. ಆ ನಾಯಿ ಅಷ್ಟು ಮಾತು ಕೇಳ್ತದೆ, ನಮ್ದು ಯಾಕಣ್ಣ ಹಿಂಗೆ?’

ತೆರೆಯ ಹಿಂದಿನ ಗುರು

ಕಾಸರಗೋಡಿನ ಕಿರಣ್‌ರಾಜ್ ಕೆ. ನಿರ್ದೇಶನ, ರಕ್ಷಿತ್ ಶೆಟ್ಟಿ ನಾಯಕ, ಅತ್ಯುತ್ತಮ ಕನ್ನಡ ಚಿತ್ರವೆಂದು 2023ರಲ್ಲಿ ಘೋಷಣೆಯಾದ ರಾಷ್ಟ್ರಪ್ರಶಸ್ತಿ... ಇಷ್ಟು ನಿಮಗೆ ಬಾಯಿಪಾಠ. ಪ್ರಮೋದ್ ಬಿ.ಸಿ. ಅನ್ನುವ ಹೆಸರು ಎಷ್ಟು ಜನಕ್ಕೆ ಗೊತ್ತು? ಚಾರ್ಲಿಗೆ ಪಾಠ ಹೇಳಿದ ತರಬೇತುದಾರರು ಇವರು. ಕಲಿಕೆ, ಚಿತ್ರೀಕರಣ ಎಲ್ಲ ಸೇರಿ ವರ್ಷಗಟ್ಟಲೆ ಹಿಡಿದ ಕೆಲಸ ಅದು. ನಾವು ಎರಡೂಮುಕ್ಕಾಲು ಗಂಟೆಯಲ್ಲಿ ನೋಡಿ ಎದ್ದು ಬಂದೆವು!

ಸಿನಿಮಾ ನಾಯಿಗೆ ಒಂದು ವಿಚಿತ್ರ ಕಷ್ಟ ಇದೆ. ಕಲಿಸಿದ ಗುರು ನಿಲ್ಲುವುದು ಕ್ಯಾಮೆರಾ ಹಿಂದೆ. ನಾಯಿಯ ಕಣ್ಣು ಸಹಜವಾಗಿ ಹೋಗುವುದೂ ಅಲ್ಲಿಗೇ. ಆದರೆ ಅದು ನೋಡಬೇಕಾದ್ದು ನಾಯಕನ ಮುಖ. ಹಾಗಾಗಿ ಶೂಟಿಂಗಿಗೆ ಮುಂಚೆಯೇ ನಾಯಕ ಅದರ ಸ್ನೇಹ ಸಂಪಾದಿಸಬೇಕು. ಮನುಷ್ಯ ನಟನಿಗೆ ‘ಒನ್ ಮೋರ್’ ಅಂದರೆ ಗೊಣಗಿಕೊಂಡಾದರೂ ಮಾಡುತ್ತಾನೆ. ನಾಯಿಗೆ ಬೇಜಾರಾದರೆ ಪ್ಯಾಕಪ್!

ಹಾಲಿವುಡ್ಡಿನಲ್ಲಿ ಇದು ಹಳೆಯ ವಿದ್ಯೆ. 1943ರ ‘ಲ್ಯಾಸಿ ಕಮ್ ಹೋಮ್’ ಚಿತ್ರದ ಹೆಣ್ಣುನಾಯಿ ಲ್ಯಾಸಿಯ ಪಾತ್ರ ಮಾಡಿದ್ದು ಪ್ಯಾಲ್ ಅನ್ನುವ ಗಂಡುನಾಯಿ. ನಮ್ಮ ನಾಟಕ ಕಂಪನಿಗಳ ಸ್ತ್ರೀ ಪಾತ್ರಧಾರಿಗಳ ಹಾಗೆ! ನಾವೇನು ಕಮ್ಮಿಯಿಲ್ಲ. ಜಾಕಿ ಶ್ರಾಫ್ ಅಭಿನಯದ ಹಿಂದಿಯ ‘ತೇರಿ ಮೆಹರ್ಬಾನಿಯಾಂ’ (1985) ನೋಡಿ ದೇಶವೇ ಅತ್ತಿತಲ್ಲ, ಅದರ ಮೂಲ 1984ರ ನಮ್ಮ ಶಂಕರ್‌ನಾಗ್ ಚಿತ್ರ ‘ತಾಳಿಯ ಭಾಗ್ಯ’.

ಹವಾಲ್ದಾರರ ಪಾಠ

ಹುಡುಗನನ್ನು ಕರೆದುಕೊಂಡು ನಾನು ಹೋದದ್ದು ಗಾಂಧಿನಗರಕ್ಕಲ್ಲ, ಹಾಸನಕ್ಕೆ. ಪೊಲೀಸ್ ಶ್ವಾನದಳದಲ್ಲಿದ್ದು ನಿವೃತ್ತರಾದ ಹವಾಲ್ದಾರರೊಬ್ಬರ ಮನೆಗೆ. ‘ಹೆಸರು ಗಿಸರು ಹಾಕಬೇಡಪ್ಪ’ ಅಂದರು, ಹಾಕಿಲ್ಲ. ಪಿಯುಸಿ ಅರ್ಧಕ್ಕೇ ಬಿಟ್ಟ ನನಗೆ ರಷ್ಯದ ಪಾವ್ಲೋವ್ ಯಾರು, ಗಂಟೆ ಬಾರಿಸಿದರೆ ನಾಯಿ ಯಾಕೆ ಜೊಲ್ಲು ಸುರಿಸಿತು ಅಂತ ವಿವರಿಸಿದ್ದು ಅವರೇ.

‘ಹೊಡೆದ್ಯಾ?’ ಅಂತ ಮೊದಲು ಕೇಳಿದರು. ಹುಡುಗ ತಲೆ ತಗ್ಗಿಸಿದ. ‘ಹೊಡೆದರೆ ನಾಯಿ ಕಲಿಯುತ್ತೆ ಕಣಪ್ಪ. ಏನು ಕಲಿಯುತ್ತೆ ಗೊತ್ತಾ? ನಿನ್ನ ಕೈ ಕಂಡರೆ ಹೆದರೋದು ಕಲಿಯುತ್ತೆ!’

ಆಮೇಲೆ ತೋರಿಸಿದರು. ನಾಯಿ ಕುಂತ ಕ್ಷಣಕ್ಕೇ ‘ಶಭಾಷ್’, ಹಿಂದೆಯೇ ಒಂದು ಚೂರು ತಿಂಡಿ. ಎರಡು ಸೆಕೆಂಡು ತಡವಾದರೂ ಕೆಟ್ಟಿತು. ಅಷ್ಟರಲ್ಲಿ ಅದು ಎದ್ದಿರುತ್ತದೆ, ಎದ್ದಿದ್ದಕ್ಕೇ ಬಹುಮಾನ ಅಂದುಕೊಳ್ಳುತ್ತದೆ. ಬೆಳಿಗ್ಗೆ ಚಪ್ಪಲಿ ಕಡಿದದ್ದಕ್ಕೆ ಸಂಜೆ ಬಂದು ಬೈದರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ. ‘ತಪ್ಪು ಮಾಡಿದ್ದು ಗೊತ್ತು ಸಾರ್, ಮುಖ ನೋಡಿ ಹೆಂಗೆ ಬಾಡಿಸ್ಕೊಂಡದೆ’ ಅಂತೀವಲ್ಲ, ಅದೂ ನಮ್ಮ ಕಲ್ಪನೆ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಅನ್ನುವ ಅಮೆರಿಕದ ವಿಜ್ಞಾನಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪೇ ಮಾಡದ ನಾಯಿಯೂ ಯಜಮಾನ ಗದರಿದರೆ ಅದೇ ಮುಖ ಮಾಡಿತ್ತು. ಅದು ಪಶ್ಚಾತ್ತಾಪವಲ್ಲ, ನಮ್ಮ ಸಿಟ್ಟಿಗೆ ಅದರ ಉತ್ತರ.

ಬಾಲ ಆಡಿಸಿದರೆ ಖುಷಿ ಅಂತಲೂ ನಂಬಬೇಡಿ. ಮೈ ಸಡಿಲ ಬಿಟ್ಟು ಸೊಂಟ ಸಮೇತ ಆಡಿಸಿದರೆ ಖುಷಿ. ಮೈ ಸೆಟೆದು ಬಾಲ ಮೇಲೆತ್ತಿ ಗಡಗಡ ಆಡಿಸಿದರೆ ದೂರ ನಿಲ್ಲಿ! ನಿದ್ದೆಯಿಲ್ಲದೆ ಆಕಳಿಸುವುದು, ಸುಮ್ಮಸುಮ್ಮನೆ ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವುದು, ಇವೆಲ್ಲ ‘ನನಗೆ ಕಷ್ಟ ಆಗ್ತಿದೆ’ ಅನ್ನುವ ಮಾತು. ಅದಕ್ಕೂ ಬಗ್ಗದಿದ್ದರೆ ಗುರ್. ಸಿನಿಮಾಕ್ಕೆ ಮುಂಚೆ ಬರುತ್ತಲ್ಲ ಎಚ್ಚರಿಕೆಯ ಸ್ಲೈಡು, ಹಾಗೆ. ಗುರ್ ಅಂದಿದ್ದಕ್ಕೆ ಬಡಿದರೆ ಸ್ಲೈಡು ನಿಲ್ಲುತ್ತದೆ, ಮುಂದಿನ ಸಲ ನೇರ ಕಚ್ಚುವ ಸೀನೇ! ಇದನ್ನು ಕೇಳಿ ಹುಡುಗನ ಮುಖ ಬಿಳಿಚಿಕೊಂಡಿತು. ಅಜ್ಜಿಗೆ ಗುರ್ ಅಂದ ದಿನ ಅವನಪ್ಪ ಕೋಲು ತೆಗೆದುಕೊಂಡಿದ್ದರು.

ಇನ್ನೊಂದು ಗುಟ್ಟು. ನಾಯಿಮರಿಯ ಮನಸ್ಸಿನ ಬಾಗಿಲು ಅಗಲವಾಗಿ ತೆರೆದಿರುವುದು ಸುಮಾರು 3ನೇ ವಾರದಿಂದ 14ನೇ ವಾರದವರೆಗೆ. ಆಗ ಕಂಡದ್ದು, ಕೇಳಿದ್ದು ಜೀವನಪೂರ್ತಿ ಪರಿಚಿತ. ಛತ್ರಿ, ಹೆಲ್ಮೆಟ್ಟು, ಟ್ರ್ಯಾಕ್ಟರು, ಕೋಲೂರಿ ನಡೆಯುವ ಮುದುಕರು, ಎಲ್ಲ ಆಗಲೇ ತೋರಿಸಬೇಕು. ಚುಚ್ಚುಮದ್ದು ಮುಗಿಯುವ ತನಕ ನೆಲಕ್ಕೆ ಬಿಟ್ಟರೆ ಪಾರ್ವೋ ರೋಗದ ಭಯ. ಅದಕ್ಕೆ ಕಂಕುಳಲ್ಲಿ ಎತ್ತಿಕೊಂಡೇ ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಸಂತೆ ಸುತ್ತಿಸಬೇಕು. ಮರಕ್ಕೆ ಕಟ್ಟಿದ ನಾಯಿಗೆ ಪ್ರಪಂಚವೆಲ್ಲ ಅಪರಿಚಿತರೇ!

ನಿಜವಾದ ಹೀರೋಗಳು

ಕೆಲಸದ ನಾಯಿಗಳ ಕಥೆ ಹೇಳಲು ಶುರುಮಾಡಿದರೆ ಹವಾಲ್ದಾರರು ಊಟ ಮರೆಯುತ್ತಾರೆ. ಮುಂಬೈ ಪೊಲೀಸರ ಲ್ಯಾಬ್ರಡಾರ್ ‘ಜಂಜೀರ್’ಗೆ ಹೆಸರು ಬಂದದ್ದೇ ಅಮಿತಾಭರ 1973ರ ಚಿತ್ರದಿಂದ. 1993ರ ಸರಣಿ ಸ್ಫೋಟದ ಕಾಲದಲ್ಲಿ ಅದು ಮೂಸಿ ಹಿಡಿದ ಆರ್‌ಡಿಎಕ್ಸ್ 3,329 ಕಿಲೋ! 2000ದಲ್ಲಿ ತೀರಿಕೊಂಡಾಗ ಪೊಲೀಸ್ ಗೌರವದೊಂದಿಗೆ ಬೀಳ್ಕೊಟ್ಟರು. ಬಾಂಬ್ ನಾಯಿ ವಾಸನೆ ಸಿಕ್ಕರೆ ಬೊಗಳುವಂತಿಲ್ಲ, ಕೆರೆಯುವಂತಿಲ್ಲ. ತೆಪ್ಪಗೆ ಕೂರಬೇಕು. ಕಾರಣ ಬಿಡಿಸಿ ಹೇಳಬೇಕಿಲ್ಲ ತಾನೆ?

ನಮ್ಮ ದಾವಣಗೆರೆ ಪೊಲೀಸರ ಡಾಬರ್‌ಮನ್ ‘ತುಂಗಾ’ 2020ರಲ್ಲಿ ಕೊಲೆ ಆರೋಪಿಯ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿತ್ತು. ‘ಗಂಧದ ಗುಡಿ’ಯಲ್ಲಿ ಅಣ್ಣಾವ್ರು ಕಾಡುಗಳ್ಳರ ಬೆನ್ನು ಹತ್ತಿದರಲ್ಲ, ಬಂಡೀಪುರದಲ್ಲಿ ಆ ಕೆಲಸ ಮಾಡಿದ್ದು ‘ರಾಣಾ’ ಅನ್ನುವ ಜರ್ಮನ್ ಶೆಫರ್ಡ್. ನಮ್ಮದೇ ಮಣ್ಣಿನ ಮುಧೋಳ ನಾಯಿಯೂ ಸೈನ್ಯದ ತರಬೇತಿಗೆ ಮೀರತ್ತಿನ ತನಕ ಹೋಗಿ ಬಂದಿದೆ. ಹಾಗಿದ್ದೂ ನಮ್ಮ ಹುಡುಗರಿಗೆ ಲ್ಯಾಬೇ ಬೇಕು! ಇಷ್ಟಕ್ಕೂ ‘ಚಾರ್ಲಿ’ ಚಿತ್ರದಲ್ಲೇ ದುಡ್ಡಿನಾಸೆಗೆ ಒಂದೇ ಸಂಬಂಧದಲ್ಲಿ ಮರಿ ಹಾಕಿಸುವ ಕಟುಕ ವ್ಯಾಪಾರಿ ಇದ್ದಾನೆ. ಆ ನಾಯಿ ಕಾಯಿಲೆ ಬಿದ್ದು ನರಳುವುದೂ ಇದೆ. ಅದನ್ನೂ ನೋಡಿಯೇ ತಾನೆ ಎಲ್ಲರೂ ಅತ್ತದ್ದು?

ಹಳೇಕೋಟೆಯ ಚಾರ್ಲಿಯ ಕಥೆ ಏನಾಯಿತು ಅಂತೀರಾ? ಭಾನುವಾರ ಕಳೆಯಿತು, ಕೆರೆ ಏರಿಗೆ ಹೋಗಲಿಲ್ಲ. ಸರಪಳಿ ಬಿಚ್ಚಿ ಬೇಲಿ ಕಟ್ಟಿದ್ದಾರೆ. ಬೆಳಿಗ್ಗೆ ಸಂಜೆ ಓಟ, ಹತ್ತು ಹತ್ತು ನಿಮಿಷ ಪಾಠ. ಅಜ್ಜಿ ಮೊದಲು ದೂರದಿಂದ ರೊಟ್ಟಿ ಚೂರು ಎಸೆದರು, ದಿನಕ್ಕೊಂದು ಹೆಜ್ಜೆ ಹತ್ತಿರ ಬಂದರು. ಈಗ ಅವರ ಕೈಯಿಂದಲೇ ತಿನ್ನುತ್ತೆ. ಕೋಳಿ ವಿಷಯದಲ್ಲಿ ಮಾತ್ರ ಇನ್ನೂ ನಂಬೋ ಹಾಗಿಲ್ಲ. ಅಪ್ಪ ಗಡುವಿನ ಮಾತು ಎತ್ತುತ್ತಿಲ್ಲ. ಹಾಗಂತ ಒಪ್ಪಿದ್ದಾರೆ ಅಂತಲೂ ಅಲ್ಲ.

ಹೊರಡುವಾಗ ಹವಾಲ್ದಾರರು ಕುರುಡರಿಗೆ ದಾರಿ ತೋರಿಸುವ ನಾಯಿಗಳ ಬಗ್ಗೆ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗಿನಲ್ಲಿ ಇದರ ಶಾಲೆ ಶುರುವಾಯಿತು. ಆ ನಾಯಿ ಯಜಮಾನನ ಮಾತು ಕೇಳುವುದನ್ನಷ್ಟೇ ಅಲ್ಲ, ಮೀರುವುದನ್ನೂ ಕಲಿಯಬೇಕು. ‘ನಡಿ’ ಅಂದಾಗ ಎದುರಿಗೆ ಬಸ್ಸು ಬರುತ್ತಿದ್ದರೆ ಕದಲಬಾರದು! ಬೀದಿನಾಯಿಗಳ ಗುಂಪು, ಫುಟ್‌ಪಾತೇ ಇಲ್ಲದ ರಸ್ತೆ ಇರುವ ನಮ್ಮಲ್ಲಿ ಅಂಥ ನಾಯಿಗಳು ತೀರಾ ಅಪರೂಪ. ಹೊರದೇಶಗಳಲ್ಲಿ ಈ ಮರಿಗಳನ್ನು ಸುಮಾರು 8 ವಾರದ ವಯಸ್ಸಿಗೆ ಸಾಮಾನ್ಯ ಸಂಸಾರಸ್ಥರ ಮನೆಗೆ ಕೊಡುತ್ತಾರೆ. ಅವರು ಒಂದು ವರ್ಷಕ್ಕೂ ಮೇಲೆ ಸಾಕಿ, ಬಸ್ಸು, ರೈಲು, ಅಂಗಡಿ ಎಲ್ಲ ಸುತ್ತಿಸಿ, ಶಾಲೆಗೆ ವಾಪಸ್ ಕೊಟ್ಟುಬಿಡಬೇಕು.

‘ಸಾಕಿ ಕೊಟ್ಟುಬಿಡೋದಾ?’ ಅಂದ ಹುಡುಗ.

‘ಹೂಂ. ಅಳ್ತಾ ಅಳ್ತಾನೇ ಕೊಡ್ತಾರೆ. ಎಷ್ಟೋ ಜನ ಹೋಗಿ ಇನ್ನೊಂದು ಮರಿ ತರ್ತಾರೆ.’