ಜೈಸಲ್ಮೇರ್: ನೀರು, ಸಾರ್ಥ, ಗ್ರಂಥ

ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. 1076–1126) ಆಳ್ವಿಕೆಯನ್ನು ತರಗತಿಯಲ್ಲಿ ವಿವರಿಸುವಾಗ ಶಾಸನಗಳೊಡನೆ ಬಿಲ್ಹಣನ ‘ವಿಕ್ರಮಾಂಕದೇವಚರಿತ’ವನ್ನೂ ಆಧಾರವಾಗಿ ಹೇಳುವುದು ವಾಡಿಕೆ. ಕಾಶ್ಮೀರದ ಕವಿ, ಕರ್ಣಾಟಕದ ದೊರೆ, ಹದಿನೆಂಟು ಸರ್ಗಗಳ ಸಂಸ್ಕೃತ ಕಾವ್ಯ ಎಂದಿಷ್ಟನ್ನು ಹೇಳಿ ನಾವು ಮುಂದೆ ಸಾಗುತ್ತೇವೆ. ಆ ಕಾವ್ಯ ನಮ್ಮ ಕೈಸೇರಿದುದು ಎಲ್ಲಿಂದ ಎಂದು ವಿದ್ಯಾರ್ಥಿಗಳು ಕೇಳುವುದು ಅಪರೂಪ. ಅಧ್ಯಾಪಕರೂ ಆ ಪ್ರಶ್ನೆಯನ್ನು ಎತ್ತುವುದಿಲ್ಲ. ಅದು ದೊರೆತುದು ಕಲ್ಯಾಣದಲ್ಲಲ್ಲ, ಕಾಶ್ಮೀರದಲ್ಲಿಯೂ ಅಲ್ಲ. 1874ರಲ್ಲಿ ಜರ್ಮನ್ ವಿದ್ವಾಂಸರಾದ ಬ್ಯೂಲರರು ಥಾರ್ ಮರುಭೂಮಿಯ ಜೈಸಲ್ಮೇರಿನ ಜೈನ ಭಂಡಾರವನ್ನು ಶೋಧಿಸುತ್ತಿದ್ದಾಗ ತಾಳೆಗರಿಯ ಪ್ರತಿಯೊಂದು ಕಣ್ಣಿಗೆ ಬಿತ್ತು. ಅವರೂ ಅವರ ಸಂಗಡವಿದ್ದ ತರುಣ ಯಾಕೋಬಿಯವರೂ ಅದನ್ನು ತಮ್ಮ ಕೈಯಿಂದಲೇ ನಕಲು ಮಾಡಿಕೊಂಡರು. ಮರುವರ್ಷ ಮುಂಬಯಿಯ ಸಂಸ್ಕೃತ ಗ್ರಂಥಮಾಲೆಯಲ್ಲಿ ಪ್ರಕಟವಾದ ಮುದ್ರಣಕ್ಕೆ ಆ ಒಂದು ಪ್ರತಿಯೇ ಆಧಾರ. ನಮ್ಮ ನಾಡಿನ ಚರಿತ್ರೆಯ ಒಂದು ಮುಖ್ಯ ಆಕರವನ್ನು ಶತಮಾನಗಳ ಕಾಲ ಕಾಪಾಡಿಕೊಟ್ಟ ಈ ಊರು ಎಂಥದು, ಅಲ್ಲಿಯ ಜನ ಯಾರು ಎಂಬುದನ್ನು ತಿಳಿಯುವುದು ನಮ್ಮ ಮೇಲಿನ ಋಣವೆಂದೇ ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಊರಿನ ಸ್ಥಾಪನೆಯ ವಿಷಯದಲ್ಲಿ ಪರಂಪರೆಯ ಹೇಳಿಕೆ ಸ್ಪಷ್ಟವಾಗಿದೆ. ಭಾಟಿ ರಜಪೂತರ ರಾವಲ್ ಜೈಸಲನು ತನ್ನ ಕುಲದ ಹಳೆಯ ರಾಜಧಾನಿಯಾದ ಲೋಧ್ರುವವನ್ನು ಬಿಟ್ಟು, ಕ್ರಿ. ಶ. 1156ರಲ್ಲಿ ತ್ರಿಕೂಟವೆಂಬ ಬೆಟ್ಟದ ಮೇಲೆ ಕೋಟೆಯನ್ನು ಕಟ್ಟಿಸಿದನು. ಮರಳಿನ ಬಯಲಿನಿಂದ ಸುಮಾರು 250 ಅಡಿ ಎತ್ತರಕ್ಕೆ ಎದ್ದಿರುವ ಈ ಕೋಟೆಗೆ 99 ಕೊತ್ತಳಗಳಿವೆ. ಅಲ್ಲಿಯ ಹಳದಿ ಸುಣ್ಣಕಲ್ಲು ಸಂಜೆಯ ಬಿಸಿಲಿಗೆ ಹೊನ್ನಿನಂತೆ ಹೊಳೆಯುವುದರಿಂದ ಜನ ಅದನ್ನು ಚಿನ್ನದ ಕೋಟೆಯೆಂದು ಕರೆದಿದ್ದಾರೆ. ಮುತ್ತಿಗೆ, ಜೌಹರ, ದಾಯಾದಿಗಳ ಕಲಹ ಇವೆಲ್ಲ ಕರ್ನಲ್ ಟಾಡನ ರಾಜಸ್ಥಾನದ ಇತಿಹಾಸದಲ್ಲಿ ವಿಸ್ತಾರವಾಗಿ ಬಂದಿವೆ. ಅವುಗಳ ಪುನರುಕ್ತಿ ಇಲ್ಲಿ ಅನಾವಶ್ಯಕ. ರಾಜರ ವಂಶಾವಳಿಯೊಂದರಿಂದಲೇ ಇಂಥ ಊರಿನ ಬಾಳನ್ನು ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ನೀರಿನ ಮಾತು. ವರ್ಷಕ್ಕೆ ಸರಾಸರಿ 20 ಸೆಂಟಿಮೀಟರಿಗೂ ಕಡಮೆ ಮಳೆ ಬೀಳುವ ಪ್ರದೇಶವಿದು. ಅದೂ ನಾಲ್ಕಾರು ಸಲ ರಭಸವಾಗಿ ಸುರಿದು ನಿಂತುಹೋಗುತ್ತದೆ. ಊರಿನ ಕುಡಿಯುವ ನೀರಿಗೆ ಬಹುಕಾಲ ಆಸರೆಯಾಗಿದ್ದುದು ಗಡೀಸರ ಕೆರೆ. ಹದಿನಾಲ್ಕನೆಯ ಶತಮಾನದ ರಾವಲ್ ಗಡಸಿಯ ಹೆಸರು ಅದಕ್ಕೆ ನಿಂತಿದೆ. ಕೆರೆಯ ದಾರಿಯಲ್ಲಿರುವ ಸುಂದರವಾದ ಹೆಬ್ಬಾಗಿಲನ್ನು ತಿಲೋ ಎಂಬ ಗಣಿಕೆಯು ಕಟ್ಟಿಸಿದಳೆಂದೂ, ಅರಸು ಮನೆತನದವರು ಅದನ್ನು ಕೆಡವಿಸಿಯಾರೆಂದು ಅದರ ಮೇಲೆ ಕೃಷ್ಣನ ಗುಡಿಯನ್ನು ಮಾಡಿಸಿದಳೆಂದೂ ಪ್ರತೀತಿ. ಕಥೆ ಎಷ್ಟರಮಟ್ಟಿಗೆ ನಿಜವೋ, ಬಾಗಿಲಂತೂ ಈಗಲೂ ನಿಂತಿದೆ.

ಇದಕ್ಕಿಂತಲೂ ಗಮನಾರ್ಹವಾದುದು ‘ಖಡೀನ್’ ಎಂಬ ಬೇಸಾಯದ ಕ್ರಮ. ಕಲ್ಲುನೆಲದ ದಿಣ್ಣೆಗಳ ಮೇಲೆ ಬಿದ್ದ ಮಳೆ ಇಂಗದೆ ಹರಿದು ತಗ್ಗಿಗೆ ಬರುತ್ತದೆ. ಆ ತಗ್ಗಿನ ಕೆಳಗಡೆಗೆ ಅಡ್ಡಲಾಗಿ ಉದ್ದನೆಯ ಮಣ್ಣಿನ ಏರಿಯನ್ನು ಹಾಕಿ ನೀರನ್ನು ನಿಲ್ಲಿಸುತ್ತಾರೆ. ನಿಂತ ನೀರು ತನ್ನೊಡನೆ ತಂದ ಮೆಕ್ಕಲನ್ನು ಅಲ್ಲಿಯೇ ಬಿಟ್ಟು ನೆಲಕ್ಕಿಳಿಯುತ್ತದೆ, ಹೆಚ್ಚಾದುದನ್ನು ಕೋಡಿಯಿಂದ ಹೊರಬಿಡುತ್ತಾರೆ. ನೀರು ಹಿಂಜರಿದ ಮೇಲೆ ಆ ಒದ್ದೆ ನೆಲದಲ್ಲಿ ಹಿಂಗಾರಿನ ಗೋಧಿಯನ್ನೂ ಕಡಲೆಯನ್ನೂ ಬಿತ್ತುತ್ತಾರೆ; ಮುಂದೆ ಒಂದು ಹನಿ ಮಳೆ ಬಾರದಿದ್ದರೂ ಪೈರು ಬರುತ್ತದೆ. ನಮ್ಮ ಕೆರೆಯಲ್ಲಿ ಏರಿಯ ಹಿಂದೆ ನೀರು, ಮುಂದೆ ಗದ್ದೆ. ಖಡೀನಿನಲ್ಲಿ ಕೆರೆಯ ಅಂಗಳವೇ ಗದ್ದೆ.

ಈ ಬೇಸಾಯದಲ್ಲಿ ನಿಪುಣರೆಂದು ಹೆಸರಾದವರು ಪಾಲಿ ಪಟ್ಟಣದಿಂದ ಬಂದ ಪಾಲೀವಾಲ ಬ್ರಾಹ್ಮಣರು. ಅವರಿಗೆ 84 ಹಳ್ಳಿಗಳಿದ್ದುವೆಂದು ಪರಂಪರೆ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅವರು ಈ ಹಳ್ಳಿಗಳನ್ನು ತೊರೆದುಹೋದರು. ಪಾಳುಬಿದ್ದ ಕುಲಧರಾ ಗ್ರಾಮವನ್ನು ಇಂದು ಪ್ರವಾಸಿಗಳು ನೋಡಿ ಬರುತ್ತಾರೆ. ದಿವಾನ ಸಾಲಿಂಸಿಂಗನು ಅವರ ಹುಡುಗಿಯೊಬ್ಬಳನ್ನು ಬಯಸಿದನೆಂದೂ, ಒಂದೇ ರಾತ್ರಿಯಲ್ಲಿ ಎಲ್ಲರೂ ಶಾಪವಿಟ್ಟು ಹೊರಟುಹೋದರೆಂದೂ ಪ್ರಚಲಿತವಾದ ಕಥೆ. ಇದನ್ನು ಹಾಗೆಯೇ ಒಪ್ಪುವುದು ಕಷ್ಟ. 84 ಹಳ್ಳಿಗಳು ಒಂದು ರಾತ್ರಿಯಲ್ಲಿ ಬರಿದಾಗುವುದಿಲ್ಲ. ಆ ದಿವಾನನ ಸುಲಿಗೆಯನ್ನು ಟಾಡನು ಕಟುವಾಗಿ ವರ್ಣಿಸಿದ್ದಾನೆ. ಹೊರಲಾರದ ತೆರಿಗೆ, ಇಳಿಯುತ್ತಿದ್ದ ಬಾವಿಯ ನೀರು, ಸೊರಗುತ್ತಿದ್ದ ವ್ಯಾಪಾರ ಇವುಗಳಿಂದ ಕುಟುಂಬ ಕುಟುಂಬಗಳಾಗಿ ಜನ ಚದರಿರಬೇಕೆಂದು ಊಹಿಸುವುದು ಹೆಚ್ಚು ಯುಕ್ತ. ರೈತರ ವಲಸೆಯನ್ನು ಶಾಪದ ಕಥೆಯಾಗಿ ಮಾಡಿದರೆ ತೆರಿಗೆಯ ಲೆಕ್ಕ ಮರೆತುಹೋಗುತ್ತದೆ.

ಊರಿನ ಐಶ್ವರ್ಯಕ್ಕೆ ಮೂಲ ಸಾರ್ಥಮಾರ್ಗ. ಗುಜರಾತ, ಮಾಳವ, ದಿಲ್ಲಿಗಳಿಂದ ಸಿಂಧಕ್ಕೂ ಮುಲ್ತಾನಕ್ಕೂ ಹೋಗುವ ಒಂಟೆಗಳ ಸಾಲು ಇಲ್ಲಿ ತಂಗುತ್ತಿತ್ತು. ಅರಸನಿಗೆ ಸುಂಕ ಬಂದರೆ, ವರ್ತಕರಿಗೆ ಲಾಭವೂ ಬಡ್ಡಿಯೂ ಬಂದವು. 1805ರ ಸುಮಾರಿಗೆ ಗುಮಾನಚಂದ ಪಟವಾ ಎಂಬ ವರ್ತಕನು ತನ್ನ ಐವರು ಮಕ್ಕಳಿಗಾಗಿ ಆರಂಭಿಸಿದ ಐದು ಹವೇಲಿಗಳು, ಎಂದರೆ ಅಂಗಳವುಳ್ಳ ದೊಡ್ಡ ಮಹಡಿಮನೆಗಳು, ಮುಗಿಯಲು ಅರ್ಧ ಶತಮಾನ ಹಿಡಿಯಿತು. ಸುಣ್ಣಕಲ್ಲನ್ನು ಜಾಲಂಧ್ರದಂತೆ ಕೊರೆದ ಶಿಲ್ಪಿಗಳ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈ ವರ್ತಕರಲ್ಲಿ ಬಹುಮಂದಿ ಶ್ವೇತಾಂಬರ ಜೈನರು. ಕೋಟೆಯೊಳಗೆ ಅವರು ಕಟ್ಟಿಸಿದ ದೇವಾಲಯಗಳಲ್ಲಿ ಸಂಭವನಾಥನದೂ ಒಂದು. ಅದರ ನೆಲಮಾಳಿಗೆಯಲ್ಲಿರುವ ಭಂಡಾರಕ್ಕೆ ಹದಿನೈದನೆಯ ಶತಮಾನದ ಜಿನಭದ್ರಸೂರಿಗಳ ಹೆಸರಿದೆ. ಶಾಸ್ತ್ರದಾನ ಪುಣ್ಯವೆಂದು ನಂಬಿದ ವರ್ತಕರು ಹಣ ಕೊಟ್ಟು ಗ್ರಂಥಗಳನ್ನು ಬರೆಯಿಸಿದರು, ಕೊಂಡು ತಂದರು. ತಾಳೆಯ ಮರ ಮರುಭೂಮಿಯಲ್ಲಿ ಬೆಳೆಯುವುದಿಲ್ಲ. ಗರಿಯೂ ಸರಕಿನಂತೆ ದೂರದಿಂದಲೇ ಬರಬೇಕಾಗಿತ್ತು. ಮತಭೇದವನ್ನೂ ಅವರು ಎಣಿಸಲಿಲ್ಲ. ಶೈವನಾದ ಬಿಲ್ಹಣನ ಕಾವ್ಯದಂತೆ ಬೌದ್ಧನಾದ ಶಾಂತರಕ್ಷಿತನ ‘ತತ್ತ್ವಸಂಗ್ರಹ’ವೂ ಈ ಊರಿನಲ್ಲಿ ಉಳಿದಿತ್ತು.

ಒಣಹವೆಯಿಂದ ಇವು ಉಳಿದುವೆಂದು ಸಾಮಾನ್ಯವಾಗಿ ಹೇಳುವುದುಂಟು. ಒಣಹವೆಯ ಸಹಾಯ ಸುಳ್ಳಲ್ಲ. ಆದರೆ ಧೋ ಎಂದು ಮಳೆ ಸುರಿಯುವ ನಮ್ಮ ಮೂಡಬಿದಿರೆಯಲ್ಲಿಯೂ ಧವಳ, ಜಯಧವಳಗಳ ತಾಳೆಗರಿಗಳು ಉಳಿದುಬಂದಿವೆಯಷ್ಟೆ. ಎರಡು ಕಡೆಯಲ್ಲಿಯೂ ಸಮಾನವಾದುದು ಹವೆಯಲ್ಲ, ಕಾಯುವ ಜನ. ಅವರು ಸುಲಭವಾಗಿ ನಂಬುವವರೂ ಅಲ್ಲ. ಬ್ಯೂಲರರಿಗೆ ಭಂಡಾರದ ಎಲ್ಲ ಗ್ರಂಥಗಳೂ ನೋಡಲು ಸಿಕ್ಕಲಿಲ್ಲ. ಚಿಮನಲಾಲ ದಲಾಲರು 1916ರಲ್ಲಿ ಸಿದ್ಧಪಡಿಸಿದ ಸೂಚಿ ಬಡೋದೆಯಿಂದ 1923ರಲ್ಲಿ ಹೊರಬಂದಿತು. 1950ರಲ್ಲಿ ಮುನಿ ಪುಣ್ಯವಿಜಯಜಿಯವರು ಬಂದು ತಿಂಗಳುಗಟ್ಟಲೆ ನಿಂತು ಗರಿಗಳನ್ನು ಕ್ರಮಪಡಿಸಿದರು. ಅವರ ಸೂಚಿ ಅಚ್ಚಾದುದು 1972ರಲ್ಲಿ. ಇದೇ ಭಂಡಾರದ, ಕ್ರಿ. ಶ. 1083ರ ತಾಳೆಗರಿಯ ಪ್ರತಿಯನ್ನು ಬಳಸಿ ಉದ್ಯೋತನಸೂರಿಯ ಪ್ರಾಕೃತ ‘ಕುವಲಯಮಾಲಾ’ವನ್ನು 1959ರಲ್ಲಿ ಸಂಪಾದಿಸಿದವರು ನಮ್ಮ ಬೆಳಗಾವಿ ಜಿಲ್ಲೆಯ ಸದಲಗೆಯಲ್ಲಿ ಹುಟ್ಟಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದ ಆ. ನೇ. ಉಪಾಧ್ಯೆಯವರು. ಎಂಟನೆಯ ಶತಮಾನದ ಆ ಕಥೆಯ ಸಂತೆಯಲ್ಲಿ ನಾನಾ ದೇಶದ ವರ್ತಕರ ನಡುವೆ ಕರ್ಣಾಟಕದವರೂ ಕಾಣಿಸಿಕೊಳ್ಳುತ್ತಾರೆ.

1818ರಲ್ಲಿ ಜೈಸಲ್ಮೇರ್ ಇಂಗ್ಲಿಷ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಮುಂಬಯಿಯ ಬಂದರೂ ರೈಲೂ ಬೆಳೆದಂತೆ ಒಂಟೆಯ ದಾರಿ ಬಡವಾಯಿತು. ವರ್ತಕರು ಬೇರೆ ಪಟ್ಟಣಗಳಿಗೆ ಹೊರಟುಹೋದರು. 1901ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 7 ಸಾವಿರದಷ್ಟು ಮಾತ್ರ. 1947ರ ವಿಭಜನೆಯಿಂದ ಸಿಂಧದ ಕಡೆಯ ದಾರಿ ಗಡಿಯಾಯಿತು. 1949ರಲ್ಲಿ ಸಂಸ್ಥಾನ ರಾಜಸ್ಥಾನದಲ್ಲಿ ಲೀನವಾಯಿತು. 1960ರ ದಶಕದ ಕೊನೆಯಲ್ಲಿ ರೈಲು ಬಂದಿತು, ಅನಂತರ ನಾಲೆಯ ನೀರೂ ಪ್ರವಾಸಿಗಳೂ ಬಂದರು. 2011ರ ಗಣತಿಯ ವೇಳೆಗೆ ಜನಸಂಖ್ಯೆ 65 ಸಾವಿರವನ್ನು ದಾಟಿತ್ತು. ಸುತ್ತಲ ಹಳ್ಳಿಗಳ ಮಾಂಗಣಿಯಾರರು, ಮುಸಲ್ಮಾನರಾಗಿದ್ದರೂ ತಲೆತಲಾಂತರದಿಂದ ಹಿಂದೂ ಯಜಮಾನರ ಮದುವೆ ಮುಂಜಿಗಳಲ್ಲಿ ಕಮಾಯಚ ನುಡಿಸಿ ಅವರ ವಂಶಾವಳಿಯನ್ನು ಹಾಡುವವರು, ಈಗ ಪರದೇಶದ ವೇದಿಕೆಗಳನ್ನೂ ಏರಿದ್ದಾರೆ. ಅವರ ನಾಲಗೆಯೂ ಒಂದು ಭಂಡಾರವೇ. ಅದರ ಸೂಚಿಯ ಕೆಲಸ ಇತಿಹಾಸದ ವಿದ್ಯಾರ್ಥಿಗಳಿಗೆ ಇನ್ನೂ ಬೇಕಾದಷ್ಟಿದೆ.

ಕೋಟೆಯೊಳಗೆ ಇಂದಿಗೂ ಕೆಲವು ಸಾವಿರ ಜನ ವಾಸವಾಗಿದ್ದಾರೆ. ಹಿಂದೆ ಹೆಂಗಸರು ಕೊಡಗಳಲ್ಲಿ ಹೊತ್ತು ಏರಿಸಿದ ನೀರು ಒಂದು ತೊಟ್ಟೂ ವ್ಯರ್ಥವಾಗುತ್ತಿರಲಿಲ್ಲ. ನಲ್ಲಿ ಬಂದಮೇಲೆ ಮನೆಗಳಲ್ಲಿ, ವಸತಿಗೃಹಗಳಲ್ಲಿ ಬಳಕೆ ಹೆಚ್ಚಿತು. ಚರಂಡಿಯ ನೀರು ಬೆಟ್ಟದ ಜೇಡಿನೊಳಕ್ಕೆ ಇಳಿದು ತಳಪಾಯವನ್ನು ಸಡಿಲಗೊಳಿಸಿತು. ಕೆಲವು ಕೊತ್ತಳಗಳು ಕುಸಿದವು. 2013ರಲ್ಲಿ ಯುನೆಸ್ಕೊ ಈ ಕೋಟೆಯನ್ನು ರಾಜಸ್ಥಾನದ ಇತರ ಗಿರಿದುರ್ಗಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮಳೆಯನ್ನು ಹಿಡಿದು ನಿಲ್ಲಿಸುವುದನ್ನು ಬಲ್ಲ ಊರಿಗೆ ಈಗ ನೀರನ್ನು ಬೆಟ್ಟದಿಂದ ಹೊರಸಾಗಿಸುವ ವಿದ್ಯೆ ಬೇಕಾಗಿದೆ. ಸಂಭವನಾಥನ ನೆಲಮಾಳಿಗೆ ಇರುವುದೂ ಆ ಬೆಟ್ಟದಲ್ಲಿಯೇ.