ಯಾವ ಸನ್? ಯಾವ ಶಕೆ?

ಹುಮನಾಬಾದಿನ ಹಳೆಯ ಮನೆಗಳ ಒಳಕೋಣೆಯಲ್ಲಿ ತಗಡಿನದೊಂದು ಪೆಟ್ಟಿಗೆ ಇರುವುದು ವಾಡಿಕೆ. ಮೇಲೆ ಮದುವೆಯ ಸೀರೆ, ಅದರ ಕೆಳಗೆ ಮಾಸಿದ ಜಾತಕ, ಎಲ್ಲಕ್ಕಿಂತ ಕೆಳಗೆ ಉರ್ದು ಲಿಪಿಯ ಒಂದು ಕಾಗದ. ಅದನ್ನು ಓದಬಲ್ಲವರು ಮನೆಯಲ್ಲಿ ಉಳಿದಿರುವುದಿಲ್ಲ. ಎಸೆಯುವ ಧೈರ್ಯವೂ ಯಾರಿಗೂ ಇರುವುದಿಲ್ಲ. ಓಣಿಯ ಹಿರಿಯರೊಬ್ಬರನ್ನು ಕರೆತಂದು ತೋರಿಸಿದರೆ, ಅವರು ಕನ್ನಡಕವನ್ನು ಒರಸಿ ಏರಿಸಿಕೊಂಡು, "ಖುರ್ದಾದ್ ತಿಂಗಳು, ಸನ್ 1343 ಫಸಲಿ" ಎಂದು ಗಂಭೀರವಾಗಿ ಓದುವರು.

ಆ ಕಾಗದವು ಮನೆಯ ಮುತ್ಯಾನ ಜನನದ ದಾಖಲೆಯೆಂದು ಭಾವಿಸೋಣ. ಮೊಮ್ಮಗನು ಉತ್ಸಾಹದಿಂದ ಆ 1343ನ್ನು ಇದ್ದಂತೆಯೇ ಗಣಕಯಂತ್ರಕ್ಕೆ ಉಣಿಸಿದನೆಂದೂ ಭಾವಿಸೋಣ. ಆಗ ಮುತ್ಯಾನ ವಯಸ್ಸು ಏಳು ನೂರರ ಹತ್ತಿರ ಬರುತ್ತದೆ. ವಿಜಯನಗರ ಸ್ಥಾಪನೆಯಾದ ಏಳು ವರ್ಷಕ್ಕೆ ಹುಟ್ಟಿದವನು, ಬಹಮನಿ ರಾಜ್ಯಕ್ಕಿಂತ ನಾಲ್ಕು ವರ್ಷ ಹಿರಿಯನು! ಇಂಥ ಮಹಾನುಭಾವನು ವೃದ್ಧಾಪ್ಯ ವೇತನಕ್ಕೆ ಈಗ ಅರ್ಜಿ ಬರೆದರೆ, ಆರು ಶತಮಾನಗಳಷ್ಟು ತಡವಾಯಿತೆಂದು ಯಂತ್ರವು ಆಕ್ಷೇಪಿಸಿದರೂ ತಪ್ಪಿಲ್ಲ. ಯಂತ್ರದ ಲೆಕ್ಕ ಸರಿಯಾಗಿದೆ; ಕಾಗದವೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಸತ್ಯವಂತರಾಗಿದ್ದು ವ್ಯಾಜ್ಯ ಮಾತ್ರ ಉಳಿದುಕೊಳ್ಳುವುದು, ಎಣಿಕೆ ಎಲ್ಲಿಂದ ಆರಂಭವಾಯಿತೆಂಬುದನ್ನು ಯಾರೂ ಕೇಳದಿದ್ದಾಗ.

ಫಸಲಿ ಎಂದರೆ ಬೆಳೆಯ ವರ್ಷ. ಇದು ಹುಟ್ಟಿದ್ದೇ ಒಂದು ಗಣಿತದ ತೊಡಕಿನಿಂದ. ಹಿಜರಿ ಸನ್ನಿನ ವರ್ಷವು ಚಂದ್ರನನ್ನು ಅನುಸರಿಸುತ್ತದೆ; ಅದಕ್ಕೆ 354 ದಿನಗಳು. ಜೋಳದ ಹೊಲವಾದರೋ ಸೂರ್ಯನನ್ನು ಅನುಸರಿಸುತ್ತದೆ; ಅದಕ್ಕೆ 365 ದಿನಗಳು ಬೇಕು. ವ್ಯತ್ಯಾಸ ವರ್ಷಕ್ಕೆ ಹನ್ನೊಂದೇ ದಿನ. ಹನ್ನೊಂದು ದಿನ ಯಾವ ಮಹಾ ದೊಡ್ಡದೆಂದು ಕೇಳುವವರು ಕಂದಾಯ ಕಟ್ಟಿದವರಲ್ಲ. ಹೊಲದಲ್ಲಿ 33 ವರ್ಷ ಕಳೆಯುವಷ್ಟರಲ್ಲಿ ಚಂದ್ರನ ಲೆಕ್ಕದಲ್ಲಿ 34 ವರ್ಷ ತುಂಬಿಬಿಡುತ್ತವೆ. ಅಂದರೆ ಮೂವತ್ತಮೂರು ಸಲ ರಾಶಿ ಮಾಡಿದ ರೈತನು ಮೂವತ್ತನಾಲ್ಕು ಸಲ ತೆರಿಗೆ ತೆರಬೇಕು. ಬೆಳೆಯದ ಆ ಒಂದು ಬೆಳೆಯ ತೆರಿಗೆಯನ್ನು ಅವನು ಎಲ್ಲಿಂದ ತಂದಾನು?

ಆದುದರಿಂದ ಮೊಗಲರ ಕಾಲದಲ್ಲಿ, ಹಿಜರಿ ವರ್ಷದ ಸಂಖ್ಯೆಯನ್ನೇ ತೆಗೆದುಕೊಂಡು, ಮುಂದಿನ ಎಣಿಕೆಯನ್ನು ಸೂರ್ಯನಿಗೆ ಒಪ್ಪಿಸಿದರು. ಉತ್ತರದಲ್ಲಿ ಇದು ಅಕ್ಬರನ ಕಾಲದ ಏರ್ಪಾಡು. ದಖನ್ನಿನಲ್ಲಿ ಶಾಹಜಹಾನನ ಕಾಲದ್ದು. ಹಿಜರಿ 1046, ಕ್ರಿಸ್ತಶಕ 1636, ಇಲ್ಲಿನ ಫಸಲಿಗೆ ಮೂಲ. ಅಲ್ಲಿಂದ ಎರಡು ಸನ್ನುಗಳೂ ಒಟ್ಟಿಗೆ ಹೊರಟವು. ಹಗುರ ಹೆಜ್ಜೆಯ ಹಿಜರಿ ಮುಂದೆ ಮುಂದೆ ಹೋಯಿತು. ಮುನ್ನೂರು ಚಿಲ್ಲರೆ ವರ್ಷಗಳ ಮೇಲೆ, 1948ರಲ್ಲಿ, ಹಿಜರಿಗೆ 1367 ಆಗಿದ್ದಾಗ ಫಸಲಿ ಇನ್ನೂ 1357ರಲ್ಲಿಯೇ ಇತ್ತು. ಹೈದರಾಬಾದ್ ಸಂಸ್ಥಾನದ ಕಚೇರಿಗಳು ಈ ಫಸಲಿಯನ್ನೇ ಬಳಸುತ್ತಿದ್ದವು. ಅದರ ಹೊಸ ವರ್ಷ ಅಕ್ಟೋಬರಿನ ಮೊದಲ ವಾರದಲ್ಲಿ. ತಿಂಗಳುಗಳಿಗೆ ಆಜೂರ್, ದೈ, ಬಹಮನ್ ಎಂಬ ಪಾರಸಿ ಹೆಸರುಗಳು. ಹೀಗೆ ರೈತನ ಮಗುವು ಕನ್ನಡದಲ್ಲಿ ಅತ್ತು, ಮರಾಠಿಯಲ್ಲಿ ಸಂತೆ ಮಾಡಿ, ಉರ್ದುವಿನಲ್ಲಿ ಶಾಲೆ ಕಲಿತು, ಪಾರಸಿ ತಿಂಗಳಲ್ಲಿ ಕಂದಾಯ ಕಟ್ಟುವುದು ಈ ಸೀಮೆಯಲ್ಲಿ ಸಹಜವಾಗಿತ್ತು.

ಸನ್ನನ್ನು ಬದಲಿಸುವ ಹವ್ಯಾಸ ಈ ನೆಲಕ್ಕೆ ಹೊಸತೂ ಅಲ್ಲ. ಹುಮನಾಬಾದಿನಿಂದ ಪಶ್ಚಿಮಕ್ಕೆ ಸುಮಾರು ಮೂವತ್ತು ಕಿಲೋಮೀಟರು ಹೋದರೆ ಬಸವಕಲ್ಯಾಣ. ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಅಲ್ಲಿ 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನಿಗೆ, ತನ್ನಂಥ ಚಕ್ರವರ್ತಿಯು ಇನ್ನೊಬ್ಬರು ಆರಂಭಿಸಿದ ಶಕೆಯಲ್ಲಿ ದಿನ ಕಳೆಯುವುದು ಹಿತವೆನಿಸಲಿಲ್ಲ. ಶಕವರ್ಷ 998 ನಡೆಯುತ್ತಿದ್ದಾಗ ಅವನು ಅದನ್ನು ಅಳಿಸಿ, ಚಾಲುಕ್ಯ ವಿಕ್ರಮ ವರ್ಷ ಒಂದು ಎಂದು ಹೊಸದಾಗಿ ಎಣಿಸತೊಡಗಿದನು. ಅವನ ಐವತ್ತು ವರ್ಷಗಳ ಆಳಿಕೆಯಲ್ಲಿ ನೂರಾರು ಶಾಸನಗಳು ಈ ವರ್ಷವನ್ನೇ ಹೇಳುತ್ತವೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ದೇವಾಲಯದಲ್ಲಿ ಅವನನ್ನು ಕೊಂಡಾಡುವ ಸಂಸ್ಕೃತ ಶ್ಲೋಕವೊಂದನ್ನು ಶಿಲಾಬಾಲಿಕೆಯೊಬ್ಬಳು ಕಲ್ಲಿನ ಫಲಕದ ಮೇಲೆ ಬರೆಯುತ್ತ ನಿಂತಿದ್ದಾಳೆ. ಕಲ್ಲಿನ ಹುಡುಗಿಯ ಕೈಗೂ ಬರೆಹವನ್ನು ಹಿಡಿಸಿದ ಅರಸನ ಶಕೆಯಲ್ಲವೇ, ಶಾಶ್ವತವಾಗಿ ನಿಂತಿರಬೇಕೆಂದು ಯಾರಾದರೂ ತಿಳಿದಾರು.

ನಿಲ್ಲಲಿಲ್ಲ. ಮಗನಾದ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ಬೃಹತ್ ಕೃತಿಯನ್ನು ರಚಿಸಿದನು. ಆನೆ, ಅಡುಗೆ, ರತ್ನ, ಸಂಗೀತ, ಚಿತ್ರಕಲೆ ಎಲ್ಲವೂ ಅದರಲ್ಲುಂಟು. ಗ್ರಹಗಳ ಸ್ಥಾನವನ್ನು ಗಣಿಸಲು ಅಲ್ಲೊಂದು ಆಧಾರ ದಿನ ಬೇಕಾಯಿತು. ಸೋಮೇಶ್ವರನು ಕೊಟ್ಟದ್ದು ಯಾವ ವರ್ಷ? ಶಕ 1051, ಸೌಮ್ಯ ಸಂವತ್ಸರ, ಚೈತ್ರ; ಅಂದರೆ ಕ್ರಿಸ್ತಶಕ 1129. ತಂದೆಯು ಅಳಿಸಿದ ಶಕೆಯನ್ನು, ತಂದೆ ತೀರಿಕೊಂಡ ಮೂರೇ ವರ್ಷಗಳಲ್ಲಿ, ಅದೇ ಕಲ್ಯಾಣದ ಅರಮನೆಯಲ್ಲಿ ಮಗನು ಮತ್ತೆ ಬರೆದನು!

ಇದರಲ್ಲಿ ಪಿತೃದ್ರೋಹವನ್ನು ಕಾಣಬೇಕಾಗಿಲ್ಲ. ಗ್ರಹಗಣಿತವು ದಿನಗಳನ್ನು ಒಂದೇ ಸಮನೆ, ಕಡಿಯದೆ, ಎಣಿಸುತ್ತ ಹೋಗಬೇಕಾದ ಕೆಲಸ. ಪಟ್ಟಾಭಿಷೇಕಕ್ಕೊಮ್ಮೆ ದಾರವನ್ನು ಕತ್ತರಿಸಿ ಗಂಟು ಹಾಕಿದರೆ ಜೋಯಿಸನ ಲೆಕ್ಕವೆಲ್ಲ ಗಂಟುಗಳೇ ಆಗುತ್ತವೆ. ಶನಿಗೂ ಗುರುವಿಗೂ ಕಲ್ಯಾಣದಲ್ಲಿ ಯಾರು ಆಳುತ್ತಿರುವರೆಂಬುದು ಗೊತ್ತಿಲ್ಲ. ವಿಕ್ರಮ ವರ್ಷವು ಆಮೇಲೂ ಕೆಲಕಾಲ ಶಾಸನಗಳಲ್ಲಿ ಉಸಿರಾಡಿ ಮರೆಯಾಯಿತು. ಈಗ ಅದನ್ನು ಕಂಡ ವಿದ್ಯಾರ್ಥಿಯು 1075ನ್ನು ಕೂಡಿಸಿ ಮುಂದಕ್ಕೆ ಓದುತ್ತಾನೆ. ಅಳಿಸಿಹೋದ ಶಕವರ್ಷವಾದರೋ, ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಸಲಹೆಯಂತೆ, 1957ರ ಮಾರ್ಚ್ 22ರಂದು, ಚೈತ್ರ 1, ಶಕ 1879 ಎಂದು ಭಾರತದ ರಾಷ್ಟ್ರೀಯ ಪಂಚಾಂಗವಾಗಿ ಕುಳಿತಿತು. ವಿಕ್ರಮಾದಿತ್ಯನ ಅಪ್ಪಣೆಗೆ 881 ವರ್ಷಗಳ ತರುವಾಯ ಬಂದ ಉತ್ತರವದು.

ಹುಮನಾಬಾದಿನವರಿಗೆ ಆ ವರ್ಷ ಪಂಚಾಂಗದ ಕಡೆ ನೋಡಲು ಪುರುಸೊತ್ತು ಇದ್ದಿರಲಾರದು. ಒಂದು ದಶಕದೊಳಗೆ ಅವರು ಎಣಿಸುವ ವಸ್ತುವೆಲ್ಲವೂ ಬದಲಾಗಿತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳಿಕೆ ಕೊನೆಗಂಡಿತು. ಆವರೆಗೆ ಕೈಯಲ್ಲಿದ್ದುದು ಚಾರ್‌ಮಿನಾರಿನ ಮುದ್ರೆಯ ಹಾಲಿ ಸಿಕ್ಕ. ಬ್ರಿಟಿಷ್ ಭಾರತದ ರೂಪಾಯಿಗೆ ಇಲ್ಲಿ ಕಲ್ದಾರ್ ಎಂದು ಹೆಸರು, ಯಂತ್ರದಲ್ಲಿ ತಯಾರಾದುದೆಂದು ಅದರ ಅರ್ಥ. ಏಳು ಹಾಲಿಗೆ ಆರು ಕಲ್ದಾರಿನ ಲೆಕ್ಕದಲ್ಲಿ ಹಳೆಯದು ಹೊಸದಕ್ಕೆ ಸಂದಿತು. 1951ರಲ್ಲಿ ಹಾಲಿಯ ಮುದ್ರಣ ನಿಂತಿತು. 1959ರಲ್ಲಿ ಅದರ ಚಲಾವಣೆಯೂ ರದ್ದಾಯಿತು. ಎಪ್ಪತ್ತು ರೂಪಾಯಿ ಸಂಬಳದವನು ಬೆಳಗಾಗುವಷ್ಟರಲ್ಲಿ ಅರವತ್ತು ರೂಪಾಯಿಯವನಾದನು. ನಷ್ಟವೇನೂ ಇಲ್ಲವೆಂದು ಗಣಿತವು ಸಾಧಿಸಿ ತೋರಿಸುತ್ತದೆ. ಆದರೆ ಮನೆಯೊಡತಿಗೆ ಅದನ್ನು ಮನದಟ್ಟು ಮಾಡಿಕೊಡುವ ಸೂತ್ರ ಮಾತ್ರ ಯಾವ ಪಠ್ಯದಲ್ಲಿಯೂ ಇಲ್ಲ.

1956ರ ನವೆಂಬರ್ 1ರಂದು ಊರು ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಿತು. ಹದಿನಾರಾಣೆಯ ರೂಪಾಯಿ ನೂರು ನಯೇ ಪೈಸೆಯದಾಯಿತು. ಆಣೆಗೆ ಆರೂಕಾಲು ಪೈಸೆ. ಆದರೆ ಕಾಲು ಪೈಸೆಯ ನಾಣ್ಯವೇ ಇಲ್ಲ. ಆದುದರಿಂದ ಒಂದಾಣೆಗೆ ಆರು ಪೈಸೆ ಎಂದು ಕೊಟ್ಟುಕೊಳ್ಳಬೇಕಾಯಿತು. ಇಲ್ಲಿ ಒಂದು ಸೊಗಸಾದ ಲೆಕ್ಕ ಹುಟ್ಟುತ್ತದೆ. ದಿನಕ್ಕೆ ಒಂದಾಣೆಯ ಬಾಳೆಹಣ್ಣು ಕೊಳ್ಳುವವನು ಹದಿನಾರು ದಿನಗಳಲ್ಲಿ ಹದಿನಾರು ಆರಲೆ ತೊಂಬತ್ತಾರು ಪೈಸೆ ಕೊಡುತ್ತಾನೆ. ಹದಿನಾರಾಣೆಯ ಹಣ್ಣನ್ನು ಒಂದೇ ಸಲ ಕೊಂಡವನು ನೂರು ಪೈಸೆ ಕೊಡುತ್ತಾನೆ. ಹಣ್ಣು ಅಷ್ಟೇ, ಅಂತರ ನಾಲ್ಕು ಪೈಸೆ. ಬುಟ್ಟಿಯ ಮುಂದೆ ಕುಳಿತವಳು ಇದನ್ನರಿತು ಏಳು ಪೈಸೆ ಕೇಳಿದಳೆಂದರೆ ಮೊತ್ತ ನೂರ ಹನ್ನೆರಡಕ್ಕೆ ಏರುತ್ತದೆ. ಆರು ಎಂದರೆ ಅವಳಿಗೆ ನಷ್ಟ, ಏಳು ಎಂದರೆ ಇವನಿಗೆ. ಆ ಕಾಲು ಪೈಸೆಯನ್ನು ಯಾರು ಹೊರಬೇಕು? ದೊಡ್ಡ ವ್ಯಾಪಾರಿಯ ಪುಸ್ತಕದಲ್ಲಿ ಭಿನ್ನರಾಶಿ ಕರಗಿಹೋಗುತ್ತದೆ. ಚಿಲ್ಲರೆಯಲ್ಲಿ ಬದುಕುವವರ ಅಂಗೈಯಲ್ಲಿ ಅದು ಉಳಿಯುತ್ತದೆ. ಹಿಜರಿ ವರ್ಷದ ಹನ್ನೊಂದು ದಿನವನ್ನು ಹೊತ್ತ ರೈತನೂ ಇವರ ಬಂಧುವೇ.

ಅಷ್ಟರಲ್ಲಿ ತೂಕವೂ ಬದಲಾಯಿತು. 1956ರ ಕಾನೂನಿನಂತೆ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಸೇರು, ಛಟಾಕುಗಳು ಇಳಿದು ಕಿಲೋಗ್ರಾಮು ತಕ್ಕಡಿ ಏರಿತು. 80 ತೊಲದ ಸೇರಿಗಿಂತ ಕಿಲೋ ಸುಮಾರು ಆರು ತೊಲ ಹೆಚ್ಚು. ಬೇಳೆ ಹೆಚ್ಚು ಬಂದಿತೆಂದು ಸಂತೋಷಪಟ್ಟವರಿಗೆ ಬೆಲೆಯೂ ಅಷ್ಟೇ ಹೆಚ್ಚೆಂಬುದು ತಿಳಿಯಲು ತಡವಾಗಿರಲಾರದು.

ಆದರೂ ಕಾನೂನು ತಲುಪುವ ಮನೆಗೆ ಮಾತು ಬೇಗ ಬಾಗಿಲು ತೆರೆಯುವುದಿಲ್ಲ. ಆಣೆ ಹೋಗಿ ಆರು ದಶಕಗಳು ಕಳೆದಿದ್ದರೂ, ನಿಜವು ನಮ್ಮಲ್ಲಿ ಇಂದಿಗೂ ಹದಿನಾರಾಣೆಯದೇ. ನೂರು ಪೈಸೆಯ ನಿಜವನ್ನು ಯಾರೂ ನಂಬಲೊಲ್ಲರು. ಚಿನ್ನದಂಗಡಿಯಲ್ಲಿ ಗ್ರಾಮಿನ ತಕ್ಕಡಿಯ ಮುಂದೆ ಕುಳಿತು ತಾಯಂದಿರು ತೊಲದ ಮಾತನ್ನೇ ಆಡುವರು. ಪಹಣಿಯಲ್ಲಿ ಎಕರೆ, ಗುಂಟೆಗಳು ಅಲುಗದೆ ಕುಳಿತಿವೆ.

ಇನ್ನು ಮುತ್ಯಾನನ್ನು ಏಳು ನೂರು ವರ್ಷದವನೆಂದ ಆ ಗಣಕಯಂತ್ರದ ವಿಚಾರ. ಅದಕ್ಕಾದರೂ ಶುದ್ಧವಾದ ಕಾಲಜ್ಞಾನವಿದೆಯೇ? ಅನೇಕ ಗಣಕಯಂತ್ರಗಳು ತಮ್ಮೊಳಗೆ ಸನ್ನನ್ನೂ ತಿಂಗಳನ್ನೂ ಎಣಿಸುವುದಿಲ್ಲ. 1970ರ ಜನವರಿ 1ರ ಆರಂಭದಿಂದ ಇಂದಿನವರೆಗೆ ಕಳೆದ ಸೆಕೆಂಡುಗಳನ್ನು ಎಣಿಸುತ್ತವೆ, ಅಷ್ಟೇ. ವಿಕ್ರಮಾದಿತ್ಯನಿಗೆ ಪಟ್ಟಾಭಿಷೇಕವೆಂಬ ನೆಪವಾದರೂ ಇತ್ತು. ಈ ಯಂತ್ರಶಕೆಯ ಮೊದಲ ದಿನವನ್ನು ಲೆಕ್ಕದ ಅನುಕೂಲಕ್ಕಾಗಿ ತಂತ್ರಜ್ಞರು ಆರಿಸಿಕೊಂಡರು. ಇದರ ಪ್ರಕಾರ 1934ರಲ್ಲಿ ಹುಟ್ಟಿದ ಮುತ್ಯಾನ ಜನ್ಮದಿನವು ನೂರು ಕೋಟಿಗೂ ಮಿಕ್ಕ ಸೆಕೆಂಡುಗಳ ಒಂದು ಋಣಸಂಖ್ಯೆ. ಋಣವೆಂದರೆ ಈ ಸೀಮೆಗೆ ಅಪರಿಚಿತವೇನಲ್ಲ. ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಋಣಸಂಖ್ಯೆಗಳಿಗೆ ನಿಯಮ ಹೇಳಿ, ಅವಕ್ಕೆ ವರ್ಗಮೂಲವಿಲ್ಲವೆಂದು ತೀರ್ಪನ್ನೂ ಕೊಟ್ಟಿದ್ದನು.

ಯಂತ್ರಶಕೆಗೂ ಅಂತ್ಯವುಂಟು. ಸೆಕೆಂಡುಗಳನ್ನು 32 ಮನೆಗಳ ದ್ವಿಮಾನ ಸಂಖ್ಯೆಯಲ್ಲಿ ಇಡುವ ಹಳೆಯ ಯಂತ್ರಗಳಿಗೆ 2,14,74,83,647ರಿಂದಾಚೆಗೆ ಎಣಿಸಲು ಬಾರದು. ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅವುಗಳ ಬುಟ್ಟಿ ತುಂಬುತ್ತದೆ. ತಿದ್ದದೆ ಬಿಟ್ಟರೆ ಮರುಕ್ಷಣ ಅವು 1901ರ ಡಿಸೆಂಬರಿಗೆ ಹಾರುವುವು. ಆ ಹೊತ್ತಿಗೆ ಎಣಿಕೆಯ ಬುಟ್ಟಿಯನ್ನು ಹಿಗ್ಗಿಸುವ ಕೆಲಸವನ್ನು ತಂತ್ರಜ್ಞರು ಆಗಲೇ ನಡೆಸಿದ್ದಾರೆ. ಚಕ್ರವರ್ತಿಯ ಶಕೆಗೆ ಬಂದ ಗತಿ ಯಂತ್ರದ ಶಕೆಗೆ ಬಾರದಿರಲೆಂದು ಹಾರೈಸೋಣ.

ಸಂಖ್ಯೆಯೇ ಇಲ್ಲದ ಪಂಚಾಂಗವೂ ಒಂದುಂಟು. 1948ರ ಆ ಸೆಪ್ಟೆಂಬರಿನ ದಿನ ಒಂದೇ. ಅದಕ್ಕೆ ಫಸಲಿಯಲ್ಲಿ 1357, ಹಿಜರಿಯಲ್ಲಿ 1367, ಶಕೆಯಲ್ಲಿ 1870, ಸಂವತ್ಸರದಲ್ಲಿ ಸರ್ವಧಾರಿ. ಆದರೆ ಈ ಸೀಮೆಯ ಮುದುಕಿಯೊಬ್ಬಳನ್ನು ಅವಳ ಹಿರಿಯ ಮಗನ ವಯಸ್ಸು ಕೇಳಿದರೆ ಈ ಯಾವ ಅಂಕಿಯೂ ಬರುವುದಿಲ್ಲ. "ರಜಾಕಾರರ ಗಲಾಟೆಯಾದಾಗ ಅವನು ಕೈಗೂಸು" ಎನ್ನುವಳು. ಬಸವಕಲ್ಯಾಣದ ಸೀಮೆಯ ಗೋರಟಾದಲ್ಲಿ ಆ ವರ್ಷ ರಜಾಕಾರರು ನಡೆಸಿದ ಕೊಲೆಗಳನ್ನು ಕೇಳಿಬಲ್ಲವರಿಗೆ, ಅವಳ ಲೆಕ್ಕ ಎಲ್ಲಿಂದ ಆರಂಭವಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಯಾವ ಸಮಿತಿಯೂ ಅದನ್ನು ತಿದ್ದಲಾರದು.

ಆದುದರಿಂದ ಪೆಟ್ಟಿಗೆಯ ಕಾಗದವನ್ನು ಗೇಲಿ ಮಾಡದೆ ಬಿಚ್ಚಬೇಕು. ಲೆಕ್ಕ ಬಲು ಸುಲಭ. ತಿಂಗಳು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಬೀಳುವಂತಿದ್ದರೆ ಫಸಲಿಗೆ 590ನ್ನೂ, ಜನವರಿಯ ಅನಂತರವಾದರೆ 591ನ್ನೂ ಕೂಡಿಸಬೇಕು. ಖುರ್ದಾದ್ ಬರುವುದು ಬೇಸಗೆಯಲ್ಲಿ. 1343ಕ್ಕೆ 591 ಸೇರಿದರೆ 1934. ಮುತ್ಯಾ ಏಳು ನೂರರಿಂದ ಇಳಿದು ತೊಂಬತ್ತು ದಾಟಿದವನಾಗಿ, ಮನೆಯ ಕಟ್ಟೆಯ ಮೇಲೆ ನೆಮ್ಮದಿಯಿಂದ ಕುಳಿತುಕೊಳ್ಳುವನು. ಆ ಮೇಲೆ ಕಾಗದವನ್ನು ಮಡಚಿ, ಅದರ ಜೊತೆಗೆ ಈ ಕೂಡುವ ಲೆಕ್ಕವನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟು, ಪೆಟ್ಟಿಗೆ ಮುಚ್ಚುವುದು ಒಳ್ಳೆಯದು. ಇಂದು 'ಕ್ರಿ.ಶ.' ಎಂದು ಬರೆದುದನ್ನೇ ಮುಂದೊಂದು ದಿನ ಕನ್ನಡಕ ಒರಸಿಕೊಂಡು ಓದುವವರು ಬೇಕಾದಾರು.