ಮಹಾವೀರಾಚಾರ್ಯನ ಒಂದು ಸಂಖ್ಯಾಹಾರ

ದೆಹಲಿಯ ನಮ್ಮ ರಾಜ್ಯೋತ್ಸವದ ಭಾಷಣಗಳಲ್ಲಿ ನೃಪತುಂಗನ ಕಾಲವೆಂದೊಡನೆ 'ಕವಿರಾಜಮಾರ್ಗ'ದ ಪ್ರಸ್ತಾಪ ಬಂದೇ ಬರುತ್ತದೆ. ಅದೇ ದೊರೆಯ ಆಳ್ವಿಕೆಯಲ್ಲಿ, ಕ್ರಿ.ಶ. ೮೫೦ರ ಸುಮಾರಿನಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು 'ಗಣಿತಸಾರಸಂಗ್ರಹ'ವನ್ನು ರಚಿಸಿದನೆಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಗ್ರಂಥವು ಸಂಸ್ಕೃತದಲ್ಲಿರುವುದು ಇದಕ್ಕೆ ಒಂದು ಕಾರಣವಿರಬಹುದು. ಎಂ. ರಂಗಾಚಾರ್ಯರು ೧೯೧೨ರಲ್ಲಿಯೇ ಇದನ್ನು ಇಂಗ್ಲಿಷ್ ಅನುವಾದಸಹಿತವಾಗಿ ಮದರಾಸಿನಲ್ಲಿ ಪ್ರಕಟಿಸಿದ್ದರು. ಹೆಸರು ಹೇಳಿ ಹೊಗಳುವುದಕ್ಕಿಂತ, ಆತನ ಲೆಕ್ಕವೊಂದನ್ನು ಕೈಯಾರೆ ಮಾಡಿ ನೋಡುವುದು ಲೇಸೆಂದು ನನ್ನ ಭಾವನೆ.

ಗುಣಾಕಾರದ ಪ್ರಕರಣದಲ್ಲಿ ಬರುವ ಒಂದು ಲೆಕ್ಕವು ೨೭೯೯೪೬೮೧ನ್ನು ೪೪೧ರಿಂದ ಗುಣಿಸುವುದಾಗಿದೆ. ನೋಡುವುದಕ್ಕೆ ಎರಡೂ ನೀರಸವಾದ ಸಂಖ್ಯೆಗಳೇ. ಗುಣಲಬ್ಧವಾದರೋ ೧೨೩೪೫೬೫೪೩೨೧! ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಈ ಬಗೆಯ ಸಂಖ್ಯೆಗಳನ್ನು ಆಚಾರ್ಯನು ಕೊರಳಿನ ಹಾರಕ್ಕೆ ಹೋಲಿಸುತ್ತಾನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಇದು ಆಕಸ್ಮಿಕವೆ? ಅಲ್ಲ. ಈ ಸಂಖ್ಯೆಯು ೧೧೧೧೧೧ರ ವರ್ಗವಾಗಿದೆ. ೧೧೧೧೧೧ನ್ನು ಅದರಿಂದಲೇ ಗುಣಿಸುವಾಗ, ಅದೇ ಸಂಖ್ಯೆಯನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತ ಆರು ಸಾಲುಗಳಲ್ಲಿ ಬರೆದು ಕೂಡಿಸುತ್ತೇವೆ. ಬಿಡಿಸ್ಥಾನದಲ್ಲಿ ಒಂದೇ ಒಂದು ೧ ಇರುತ್ತದೆ, ಹತ್ತರ ಸ್ಥಾನದಲ್ಲಿ ಎರಡು. ನಡುವಿನ ಕಂಬದಲ್ಲಿ ಆರೂ ಸಾಲುಗಳ ಒಂದುಗಳು ಕೂಡುತ್ತವೆ. ಅಲ್ಲಿಂದ ಮುಂದೆ ಸಾಲುಗಳು ಒಂದೊಂದಾಗಿ ಮುಗಿಯುತ್ತ ಬರುವುದರಿಂದ ಮೊತ್ತವೂ ಇಳಿಯುತ್ತದೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದುದರಿಂದ ದಶಕವನ್ನು ಮುಂದಕ್ಕೆ ಒಯ್ಯಬೇಕಾದ ಪ್ರಮೇಯವೇ ಇಲ್ಲ. ಹಾರದ ಅಂಕಿಗಳ ಮೊತ್ತವು ೩೬, ಅಂದರೆ ಆರಾರಲ ಮೂವತ್ತಾರು, ಆಗಿರುವುದಕ್ಕೂ ಇದೇ ಕಾರಣ. ಒಂಬತ್ತು ಒಂದುಗಳವರೆಗೆ ಈ ಅಂದವು ಉಳಿಯುತ್ತದೆ. ಹತ್ತು ಒಂದುಗಳ ವರ್ಗವು ೧೨೩೪೫೬೭೯೦೦೯೮೭೬೫೪೩೨೧. ಎಂಟು ಕಾಣೆಯಾಗಿ ನಡುವೆ ಸೊನ್ನೆಗಳು ನುಸುಳಿ ಹಾರವು ಹರಿಯಿತು!

ಇನ್ನು ೪೪೧ ಎಲ್ಲಿಂದ ಬಂದಿತು? ೧೧೧೧೧೧ರ ಅವಿಭಾಜ್ಯ ಅಪವರ್ತನಗಳು ೩, ೭, ೧೧, ೧೩ ಮತ್ತು ೩೭. ಇವುಗಳಲ್ಲಿ ಮೊದಲನೆಯ ಎರಡರ ಗುಣಲಬ್ಧ ೨೧, ಉಳಿದ ಮೂರರದು ೫೨೯೧. ೨೧ರ ವರ್ಗವೇ ೪೪೧. ೫೨೯೧ರ ವರ್ಗವೇ ೨೭೯೯೪೬೮೧. ಆಚಾರ್ಯನು ಹಾರವನ್ನು ಮೊದಲು ಕಟ್ಟಿ, ಅದನ್ನು ಎರಡು ತುಂಡು ಮಾಡಿ ಶಿಷ್ಯನ ಕೈಗಿತ್ತನೆಂದು ನಾನು ಊಹಿಸುತ್ತೇನೆ. ಶಿಷ್ಯನು ಎಲ್ಲಿಯಾದರೂ ಎಡವಿದರೆ ಹಾರವೇ ತಪ್ಪನ್ನು ಸಾರುತ್ತದೆ. ಗುರುವು ಮತ್ತೆ ಲೆಕ್ಕಿಸಿ ನೋಡಬೇಕಾಗಿಲ್ಲ. ಹೀಗಾಗಿ ಇದನ್ನು ಬರಿಯ ಸಂಖ್ಯಾವಿನೋದವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ.

ಇಂಥವು ಆತನಲ್ಲಿ ಇನ್ನೂ ಇವೆ. ೧೪೨೮೫೭೧೪೩ನ್ನು ಏಳರಿಂದ ಗುಣಿಸಿದರೆ ೧೦೦೦೦೦೦೦೦೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು. ವಾಚಕರು ಮನೆಯ ಮಕ್ಕಳಿಗೆ ಕಾಗದವನ್ನೇ ಕೊಟ್ಟು ಇವನ್ನು ಮಾಡಿಸಲಿ. ಎಂಟು ಅಂಕಿಗಳ ಸಣ್ಣ ಕ್ಯಾಲ್ಕುಲೇಟರಿನಲ್ಲಿ ಆಚಾರ್ಯನ ಹನ್ನೊಂದು ಮಣಿಗಳ ಹಾರವು ಹಿಡಿಸುವುದಿಲ್ಲ.